ದಪ್ಪ ಸಂಪುಟವೋ, ಇಂಟರ್‌ನೆಟ್ಟೋ? ನಮ್ಮ ವಾಚನಾಲಯದ ರೆಫರೆನ್ಸ್ ಕಪಾಟು

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿ ವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಕಾಲೇಜು ಗ್ರಂಥಪಾಲಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ನನ್ನನ್ನು ಕರೆದದ್ದು ಒಂದು ಜಗಳ ತೀರ್ಮಾನಕ್ಕೆ. ಜಗಳ ಎಂದರೆ ದೊಡ್ಡದೇನಲ್ಲ, ಸಮಿತಿಯೊಳಗಿನ ಸಣ್ಣ ಭಿನ್ನಾಭಿಪ್ರಾಯ. ಟ್ರಸ್ಟಿನ ಕಟ್ಟಡದ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ವಾಚನಾಲಯ ಮಾಡುವುದೆಂದು ನಿಶ್ಚಯವಾಗಿದೆ. ಅದರ ರೆಫರೆನ್ಸ್ ವಿಭಾಗಕ್ಕೆ ದಾನಿಯೊಬ್ಬರು ಹಣ ಕೊಡಲು ಒಪ್ಪಿದ್ದಾರೆ. ಹಿರಿಯರು ಹೇಳುತ್ತಾರೆ, ಇಂಗ್ಲಿಷ್ ವಿಶ್ವಕೋಶದ ಪೂರ್ತಿ ಸೆಟ್ ತೆಗೆಯೋಣ, ತಲೆಮಾರುಗಳವರೆಗೆ ಇರುತ್ತದೆ. ಯುವಕರು ಹೇಳುತ್ತಾರೆ, ಈ ಕಾಲದಲ್ಲಿ ಅದನ್ನು ಯಾರು ತೆರೆಯುತ್ತಾರೆ, ನಾಲ್ಕು ಟ್ಯಾಬ್ ಮತ್ತು ಇಂಟರ್‌ನೆಟ್ ಹಾಕಿಸಿ ಮುಗಿಸೋಣ. ಗ್ರಂಥಪಾಲಕನಾಗಿದ್ದವನು ಏನು ಹೇಳುತ್ತೀರಿ ಎಂದು ಕೇಳಿದರು.

ನನ್ನ ಉತ್ತರ ಎರಡೂ ಕಡೆಯವರಿಗೆ ಪೂರ್ತಿ ಸಮಾಧಾನ ಕೊಡಲಾರದು. ಮೊದಲು, ಈ ಕೋಣೆಗೆ ಬರುವ ಮಗು ಏನನ್ನು ಹುಡುಕಿಕೊಂಡು ಬರುತ್ತದೆ ಎಂದು ನೋಡೋಣ. ಏಳನೇ ತರಗತಿಯ ಹುಡುಗಿಗೆ ಕನ್ನಡ ಪದ್ಯದ ಒಂದು ಶಬ್ದದ ಅರ್ಥ ಬೇಕು. ಹತ್ತನೇ ತರಗತಿಯ ಹುಡುಗನಿಗೆ ನಕ್ಷೆಯಲ್ಲಿ ಸುಯೆಜ್ ಕಾಲುವೆ ಎಲ್ಲಿದೆ ಎಂದು ತಿಳಿಯಬೇಕು. ಪಿಯುಸಿಯವನಿಗೆ ಸಿಇಟಿಯ ಕೊನೆಯ ದಿನಾಂಕ ಬೇಕು. ಒಬ್ಬ ತಾಯಿಗೆ ಮಗಳ ವಿದ್ಯಾರ್ಥಿ ವೇತನಕ್ಕೆ ಯಾವ ಕಾಗದ ಜೋಡಿಸಬೇಕು ಎಂದು ಗೊತ್ತಾಗಬೇಕು. ಈ ನಾಲ್ಕರಲ್ಲಿ ಎರಡಕ್ಕೆ ಉತ್ತರ ಹತ್ತಿಪ್ಪತ್ತು ವರ್ಷ ಕಳೆದರೂ ಬದಲಾಗದು. ಉಳಿದ ಎರಡಕ್ಕೆ ಉತ್ತರ ವರ್ಷ ವರ್ಷ ಬದಲಾಗುತ್ತದೆ, ಕೆಲವೊಮ್ಮೆ ವಾರದೊಳಗೇ. ಹಳತಾಗದ್ದನ್ನು ಕಾಗದದಲ್ಲಿ ಕೊಳ್ಳಿ, ಹಳತಾಗುವುದನ್ನು ಪರದೆಯಲ್ಲಿ ನೋಡಿ. ನಾನು ಹೇಳಬೇಕಾದ ಮಾತು ಇಷ್ಟೇ. ಆದರೆ ಯಾವುದು ಹಳತಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದರಲ್ಲೇ ಹಣ ಪೋಲಾಗುವುದು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳತಾಗುವುದರಿಂದ ಶುರು ಮಾಡೋಣ. 2014ರ ಮುಂಚಿನ ಅಟ್ಲಾಸ್‌ನಲ್ಲಿ ತೆಲಂಗಾಣ ರಾಜ್ಯ ಇಲ್ಲ. 2019ರ ಮುಂಚಿನದರಲ್ಲಿ ಲಡಾಖ್ ಕೇಂದ್ರಾಡಳಿತ ಪ್ರದೇಶವಲ್ಲ. 2021ರ ಮುಂಚಿನ ಕರ್ನಾಟಕ ಪುಸ್ತಕದಲ್ಲಿ ಜಿಲ್ಲೆಗಳು 30. ವಿಜಯನಗರ ಸೇರಿ ಈಗ 31. ಪ್ಲೂಟೋ 2006ರವರೆಗೆ ಗ್ರಹ, ಆಮೇಲೆ ಕುಬ್ಜ ಗ್ರಹ. ಆವರ್ತ ಕೋಷ್ಟಕದ ಏಳನೇ ಸಾಲಿನ ನಾಲ್ಕು ಧಾತುಗಳಿಗೆ ಹೆಸರು ಬಂದದ್ದು 2016ರಲ್ಲಿ. ಕಾನೂನು ಪುಸ್ತಕವಾದರೆ, 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಒಂದು ದಿನದಲ್ಲಿ ಎಷ್ಟೋ ಕಪಾಟುಗಳು ಹಳತಾದವು.

ಇವೆಲ್ಲ ಪರೀಕ್ಷೆಯಲ್ಲಿ ಒಂದೆರಡು ಅಂಕದ ವಿಷಯ ಎನ್ನಿ. ಈ ಸಭೆಯಲ್ಲಿರುವ ಕುಟುಂಬಗಳಿಗೆ ಇನ್ನೂ ಹತ್ತಿರದ ಉದಾಹರಣೆ ಕೊಡುತ್ತೇನೆ. ವಿದ್ಯಾರ್ಥಿ ವೇತನಗಳ ಮಾಹಿತಿ ಕೈಪಿಡಿಗಳು ಎಷ್ಟೋ ಮುದ್ರಣವಾಗುತ್ತವೆ, ಸಂಘ ಸಂಸ್ಥೆಗಳು ಉಚಿತವಾಗಿಯೂ ಹಂಚುತ್ತವೆ. ಕೇಂದ್ರ ಸರಕಾರದ ಅಲ್ಪಸಂಖ್ಯಾತರ ಪ್ರಿ-ಮೆಟ್ರಿಕ್ ವಿದ್ಯಾರ್ಥಿ ವೇತನವು 1ರಿಂದ 8ನೇ ತರಗತಿಯ ಮಕ್ಕಳಿಗೆ 2022-23ರಿಂದ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಕೂಡ ಅದೇ ವರ್ಷದಿಂದ ನಿಂತಿತು. ಅದಕ್ಕೆ ಮುಂಚಿನ ಕೈಪಿಡಿಯಲ್ಲಿ ಎರಡೂ ಇವೆ, ಅರ್ಹತೆ ಮತ್ತು ಬೇಕಾದ ದಾಖಲೆಗಳ ಪಟ್ಟಿ ಸಮೇತ. ಅದನ್ನು ನಂಬಿದ ತಾಯಿ ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಗೆ ಹೋಗುತ್ತಾಳೆ, ಬೀಡಿ ಕೆಲಸವೋ ಮನೆಗೆಲಸವೋ ಒಂದು ದಿನ ಬಿಟ್ಟು. ಮತ್ತೆ ಬ್ಯಾಂಕಿಗೆ, ಮತ್ತೆ ಸೈಬರ್ ಸೆಂಟರಿಗೆ. ಅಷ್ಟೆಲ್ಲ ಆದ ಮೇಲೆ ಆ ಯೋಜನೆ ಈಗ ಇಲ್ಲ ಎಂದು ಗೊತ್ತಾಗುತ್ತದೆ. ಕೈಪಿಡಿ ಬರೆದವರು ಸುಳ್ಳು ಬರೆದಿರಲಿಲ್ಲ. ಬರೆದಾಗ ಅದು ನಿಜವೇ ಆಗಿತ್ತು.

ಆದ್ದರಿಂದ ವಿದ್ಯಾರ್ಥಿ ವೇತನ, ಪ್ರವೇಶ ಪರೀಕ್ಷೆ, ಶುಲ್ಕ, ಸೀಟು, ಕಟ್ ಆಫ್, ಇವುಗಳ ಯಾವ ಮುದ್ರಿತ ಪುಸ್ತಕಕ್ಕೂ ನಮ್ಮ ವಾಚನಾಲಯ ಒಂದು ರೂಪಾಯಿಯನ್ನೂ ಕೊಡಬಾರದು. ಉಚಿತವಾಗಿ ಬಂದರೂ ವರ್ಷ ಮುಗಿದೊಡನೆ ಕಪಾಟಿನಿಂದ ತೆಗೆಯಬೇಕು. ಇವನ್ನು ನೋಡಬೇಕಾದದ್ದು ರಾಷ್ಟ್ರೀಯ ವಿದ್ಯಾರ್ಥಿ ವೇತನ ಪೋರ್ಟಲ್‌ನಲ್ಲಿ, ರಾಜ್ಯದ ಎಸ್‌ಎಸ್‌ಪಿಯಲ್ಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ. ಅಲ್ಲೂ ಒಂದು ಎಚ್ಚರ ಬೇಕು. ಹುಡುಕಿದಾಗ ಮೊದಲು ಕಾಣುವುದು ಜಾಹೀರಾತೂ ಆಗಿರಬಹುದು, ಯಾರೋ ನಡೆಸುವ ಖಾಸಗಿ ತಾಣವೂ ಆಗಿರಬಹುದು. ವಿಳಾಸದ ಮುಖ್ಯ ಭಾಗ 'ಗವ್ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆಯೇ ನೋಡಿ. ಇಲ್ಲದಿದ್ದರೆ ಆಧಾರ್ ನಂಬರ್ ಹಾಕಬೇಡಿ. ಇದನ್ನು ಮಕ್ಕಳಿಗೆ ಒಮ್ಮೆ ತೋರಿಸಿಕೊಟ್ಟರೆ ಅವರು ತಾಯಿಗೆ ಹೇಳಿಕೊಡುತ್ತಾರೆ.

ಇಲ್ಲಿಗೆ ಯುವಕರಿಗೆ ಖುಷಿಯಾಗಿರಬೇಕು. ಈಗ ಹಿರಿಯರ ಪರವಾಗಿ ಮಾತಾಡುತ್ತೇನೆ.

ನಮ್ಮ ಹೆಚ್ಚಿನ ಮಕ್ಕಳ ಮನೆಮಾತು ಬ್ಯಾರಿ, ಕೆಲವರದು ಉರ್ದು, ಕೆಲವರದು ಮಲಯಾಳ. ಕನ್ನಡವನ್ನು ಅವರು ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಕನ್ನಡ ಮಾತಾಡುವ ಮಗು ಹಳೆಯ ಪದ್ಯದ ಶಬ್ದವನ್ನು ಅಜ್ಜಿಯ ಬಾಯಲ್ಲಾದರೂ ಕೇಳಿರುತ್ತದೆ. ನಮ್ಮ ಮಕ್ಕಳಿಗೆ ಆ ಅನುಕೂಲ ಇಲ್ಲ. ಅವರಿಗೆ ನಿಘಂಟೇ ಅಜ್ಜಿ. ನಿಘಂಟು ಬೇಗ ಹಳತಾಗುವ ವಸ್ತುವಲ್ಲ. ಜರ್ಮನಿಯಿಂದ ಬಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಶಬ್ದಗಳ ಆ ಪುಸ್ತಕವನ್ನು ವಿದ್ವಾಂಸರು ಇವತ್ತಿಗೂ ಬಿಡಿಸುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳದ್ದು. ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥವರು ದಶಕಗಳ ಕಾಲ ದುಡಿದ ಆ ಕೆಲಸ ಮುಗಿದದ್ದು 1995ರಲ್ಲಿ. ಒಂದು ಶಬ್ದ ಯಾವ ಕಾಲದ ಯಾವ ಕವಿಯಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ಅದರಲ್ಲಿ ಸಿಗುತ್ತದೆ.

ಹಾಗೆಂದು ಎಂಟು ಸಂಪುಟ ತನ್ನಿ ಎನ್ನುತ್ತಿಲ್ಲ. ಅದು ಎಂ.ಎ. ಓದುವವರಿಗೆ. ನಮ್ಮ ಕೋಣೆಗೆ ಪರಿಷತ್ತಿನದೇ ಒಂದು ಸಂಪುಟದ ಸಂಕ್ಷಿಪ್ತ ಕನ್ನಡ ನಿಘಂಟು ಎರಡು ಪ್ರತಿ, ಕೈಯಲ್ಲಿ ಹಿಡಿಯುವ ರತ್ನಕೋಶ ಐದಾರು ಪ್ರತಿ, ಇಂಗ್ಲಿಷ್-ಕನ್ನಡ ನಿಘಂಟು ನಾಲ್ಕು ಪ್ರತಿ, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್‌ನದೋ ಕೇಂಬ್ರಿಜ್‌ನದೋ ಎರಡು ಪ್ರತಿ, ಉರ್ದು ಓದುವ ಮಕ್ಕಳಿಗೆ ಒಂದು ಫೀರೋಝುಲ್ಲುಗಾತ್. ಒಂದೇ ಪುಸ್ತಕವನ್ನು ಹಲವು ಪ್ರತಿ ಕೊಳ್ಳಿ ಎಂದಾಗ ದಾನಿಗಳು ಮುಖ ನೋಡುತ್ತಾರೆ. ಮಗ್ರಿಬ್ ಕಳೆದು ಆ ಕೋಣೆಯಲ್ಲಿ ಇಪ್ಪತ್ತು ಮಕ್ಕಳು ಮನೆಕೆಲಸಕ್ಕೆ ಕುಳಿತಿರುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಟ್ಯಾಬ್ ನಾಲ್ಕಿದ್ದರೆ ನಾಲ್ಕು ಮಕ್ಕಳು, ಉಳಿದವರು ಸರತಿಯಲ್ಲಿ. ಅದರಲ್ಲೂ ಟ್ಯಾಬ್ ಹಿಡಿದವನು ಶಬ್ದಾರ್ಥ ನೋಡಿ ಐದು ಸೆಕೆಂಡಿನಲ್ಲಿ ಬಿಟ್ಟುಕೊಡುತ್ತಾನೆ ಎಂದು ಯಾರೂ ನಂಬಬೇಡಿ. ಒಂದು ಟ್ಯಾಬಿನ ಬೆಲೆಗೆ ನಿಘಂಟುಗಳ ಒಂದು ಸಾಲೇ ಬರುತ್ತದೆ.

ಇನ್ನೊಂದು ಮಾತು ತಂದೆಯಂದಿರಿಗೆ. "ಮನೆಯಲ್ಲಿ ಫೋನ್ ಇದೆಯಲ್ಲ ಸಾರ್, ಎಲ್ಲ ಅದರಲ್ಲೇ ಸಿಗುತ್ತದೆ" ಎಂದು ಹೇಳುವವರಿದ್ದಾರೆ. ಆ ಫೋನ್ ಸಂಜೆ ಯಾರ ಜೇಬಿನಲ್ಲಿ ಇರುತ್ತದೆ? ಅಣ್ಣನ ಜೇಬಿನಲ್ಲಿ. ಎಂಟನೇ ತರಗತಿಯ ತಂಗಿಯ ಕೈಗೆ ಅದು ಸಿಗುವುದು ಅವನು ಮಲಗಿದ ಮೇಲೆ, ಚಾರ್ಜ್ ಮುಗಿದ ಮೇಲೆ. ಆದ್ದರಿಂದ ರತ್ನಕೋಶದಂಥ ಸಣ್ಣ ನಿಘಂಟುಗಳನ್ನು ಹುಡುಗಿಯರಿಗೆ ರಾತ್ರಿ ಮನೆಗೆ ಕೊಟ್ಟು ಬೆಳಿಗ್ಗೆ ಶಾಲೆಗೆ ಹೋಗುವಾಗ ವಾಪಸು ತೆಗೆದುಕೊಳ್ಳಿ. ರೆಫರೆನ್ಸ್ ಪುಸ್ತಕ ಹೊರಗೆ ಕೊಡಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ದೊಡ್ಡ ಲೈಬ್ರರಿಗೆ ಅದು ಸರಿ, ಇಲ್ಲಿಗೆ ಬೇಡ.

ನಿಘಂಟಿನ ಜೊತೆ ಎರಡು ಒಳ್ಳೆಯ ಅಟ್ಲಾಸ್. ಅಟ್ಲಾಸನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು, ಆದರೂ ಕಾಗದದಲ್ಲೇ ಇರಲಿ. ಫೋನಿನ ನಕ್ಷೆ ದಾರಿ ಹುಡುಕುವುದಕ್ಕೆ ಚೆನ್ನ. ಜಗತ್ತು ಎಷ್ಟು ದೊಡ್ಡದು, ಜಿದ್ದಾದಿಂದ ಸುಯೆಜ್ ಎಷ್ಟು ದೂರ, ನಮ್ಮ ಅಪ್ಪ ಇರುವ ಊರು ಯಾವ ಸಮುದ್ರದ ದಡದಲ್ಲಿದೆ ಎಂಬುದು ಅಂಗೈಯಗಲದ ಪರದೆಯಲ್ಲಿ ಕಾಣುವುದಿಲ್ಲ. ಗೋಡೆಗೆ ಜಗತ್ತು, ಭಾರತ, ಕರ್ನಾಟಕದ ಮೂರು ದೊಡ್ಡ ನಕ್ಷೆ ಹಾಕಿಸಿ.

ಇನ್ನು ವಿಶ್ವಕೋಶದ ಸೆಟ್. ಹಿರಿಯರ ಆಸೆ ನನಗೆ ಅರ್ಥವಾಗುತ್ತದೆ. ನಾವು ಓದುವ ಕಾಲದಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಇರುವ ಲೈಬ್ರರಿ ಎಂದರೆ ಅದೊಂದು ಘನತೆ. ಆದರೆ 1768ರಲ್ಲಿ ಎಡಿನ್‌ಬರೋದಲ್ಲಿ ಶುರುವಾದ ಬ್ರಿಟಾನಿಕಾ, ಮುದ್ರಣ ನಿಲ್ಲಿಸುತ್ತೇವೆ ಎಂದು 2012ರಲ್ಲಿ ಹೇಳಿತು. ಕೊನೆಯ ಮುದ್ರಣ 2010ರದು, 32 ಸಂಪುಟ. ಇವತ್ತು ಯಾರಾದರೂ ನಿಮಗೆ ಬ್ರಿಟಾನಿಕಾ ಸೆಟ್ ಮಾರಲು ಬಂದರೆ ಅದು ಅದಕ್ಕಿಂತ ಹೊಸದಾಗಿರಲು ಸಾಧ್ಯವೇ ಇಲ್ಲ. ಬಟ್ಟೆ ಹಳೆಯದಾದರೆ ಉಟ್ಟು ನೋಡಿದರೆ ಗೊತ್ತಾಗುತ್ತದೆ, ವಿಶ್ವಕೋಶ ಹಳೆಯದಾದರೆ ಬೈಂಡು ಹೊಳೆಯುತ್ತಲೇ ಇರುತ್ತದೆ. ವರ್ಲ್ಡ್ ಬುಕ್ ಈಗಲೂ ಮುದ್ರಣವಾಗುತ್ತಿದೆ, ಮಕ್ಕಳಿಗೆ ಒಳ್ಳೆಯದೇ. ಆದರೆ 22 ಸಂಪುಟಗಳ ಆ ಸೆಟ್ಟಿನ ಬೆಲೆ ನಮ್ಮ ಗಾತ್ರದ ವಾಚನಾಲಯಕ್ಕೆ ಒಗ್ಗದು. ಹೋದ ತಿಂಗಳು ಒಬ್ಬರು ನನ್ನಲ್ಲಿ ಮುಂಬೈಯ ಹಳೆ ಪುಸ್ತಕದಂಗಡಿಯಿಂದ ಅಗ್ಗಕ್ಕೆ ಸೆಟ್ ತರಿಸಿಕೊಡುತ್ತೇನೆ ಎಂದರು. ಕರಾವಳಿಯ ಮಳೆಗಾಲದಲ್ಲಿ ಆ ನುಣುಪು ಕಾಗದ ಹಾಳೆಗೆ ಹಾಳೆ ಅಂಟುತ್ತದೆ, ಬೂಷ್ಟು ಹಿಡಿಯುತ್ತದೆ. ಕಪಾಟು, ನುಸಿಗುಳಿಗೆ, ಗೆದ್ದಲಿನ ಔಷಧಿ, ಅಗ್ಗದ ಸೆಟ್ಟು ಹೀಗೆ ದುಬಾರಿಯಾಗುತ್ತದೆ.

ಕನ್ನಡದ ವಿಷಯ ಬೇರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟ. ಮೊದಲನೆಯದು ಬಂದದ್ದು 1969ರಲ್ಲಿ, ಕೊನೆಯದು 2004ರಲ್ಲಿ. ವಿಜ್ಞಾನದ ಭಾಗಗಳು ಹಳತಾಗಿವೆ ನಿಜ. ಆದರೆ ನಮ್ಮ ಊರು, ಬೆಳೆ, ಮರ, ಕಸುಬು, ಕವಿಗಳ ಬಗ್ಗೆ ಬಲ್ಲವರು ಕನ್ನಡದಲ್ಲಿ ಬರೆದದ್ದು ಅದರಲ್ಲಿ ಸಿಗುವಷ್ಟು ಬೇರೆಡೆ ಸಿಗುವುದು ಕಷ್ಟ. ಅದಕ್ಕೂ ಮುಂಚೆ, 1930ರ ದಶಕದಲ್ಲಿ, ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಒಬ್ಬರೇ ಬರೆದಿದ್ದರು ಎಂಬುದನ್ನು ಈ ಭಾಗದವರು ಮರೆಯಬಾರದು. ಮೈಸೂರಿನ ವಿಶ್ವಕೋಶದ ಬಿಡಿ ಸಂಪುಟಗಳು ಯಾರ ಮನೆಯಲ್ಲಾದರೂ ಇದ್ದರೆ ಕೊಡಿ, ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಇಲ್ಲದಿದ್ದರೂ ಚಿಂತೆಯಿಲ್ಲ. ವಿಶ್ವವಿದ್ಯಾನಿಲಯವು 2014ರಲ್ಲಿ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅವುಗಳ ಲೇಖನಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಕಾಸು ಕೊಡದೆ ಓದಬಹುದು.

ಹೀಗೆ ಉಚಿತವಾಗಿ ಸಿಗುವುದರ ಪಟ್ಟಿ ಈಗ ದೊಡ್ಡದಿದೆ. ವಿ. ಕೃಷ್ಣ ಎಂಬವರು ಹತ್ತಾರು ವರ್ಷ ಒಬ್ಬರೇ ಕುಳಿತು ಕಟ್ಟಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಶಬ್ದಗಳದ್ದು, 2019ರಿಂದ ಎಲ್ಲರಿಗೂ ತೆರೆದಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ಹಲವು ಭಾಷೆಗಳ ನಿಘಂಟುಗಳಿವೆ. ಉರ್ದುವಿಗೆ ರೇಖ್ತಾದ ನಿಘಂಟು. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ, ಸದಸ್ಯತ್ವ ಉಚಿತ. ಇವನ್ನು ಮೀರಿ ಹಣ ಕೊಟ್ಟು ಚಂದಾದಾರರಾಗಬೇಕೇ ಎಂದರೆ, ನನ್ನ ಅಭಿಪ್ರಾಯದಲ್ಲಿ ಬೇಡ.

ಯಾಕೆಂದರೆ ಚಂದಾ ಎಂದರೆ ಬಾಡಿಗೆ. ಈ ವರ್ಷ ರಮಳಾನ್‌ನಲ್ಲಿ ಚೆನ್ನಾಗಿ ಹಣ ಸಂಗ್ರಹವಾಯಿತು ಎಂದು ಚಂದಾ ಕಟ್ಟುತ್ತೇವೆ, ಮುಂದಿನ ವರ್ಷ ಗಲ್ಫಿನಲ್ಲಿ ಕೆಲಸ ಕಡಿಮೆಯಾದರೆ ಕಟ್ಟಲಾಗುವುದಿಲ್ಲ. ಬಾಗಿಲು ಮುಚ್ಚುತ್ತದೆ. ಹಿಂದೆ ಕಟ್ಟಿದ ಹಣಕ್ಕೆ ಒಂದು ಹಾಳೆಯೂ ನಮ್ಮಲ್ಲಿ ಉಳಿಯುವುದಿಲ್ಲ. ಕಂಪೆನಿಯೇ ಅಂಗಡಿ ಮುಚ್ಚುವುದೂ ಉಂಟು. ಮೈಕ್ರೋಸಾಫ್ಟ್‌ನ ಎನ್ಕಾರ್ಟಾ ವಿಶ್ವಕೋಶ 1993ರಲ್ಲಿ ಸಿಡಿಯಲ್ಲಿ ಬಂದಾಗ ಇನ್ನು ಪುಸ್ತಕವೇ ಬೇಡ ಎಂದವರಿದ್ದರು. 2009ರಲ್ಲಿ ಅದು ನಿಂತಿತು. ಆ ಸಿಡಿ ಹಾಕಲು ಇವತ್ತಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಜಾಗವೇ ಇಲ್ಲ. ಕೇಂದ್ರದ 'ಒಂದು ದೇಶ ಒಂದು ಚಂದಾ' ಯೋಜನೆಯ ಬಗ್ಗೆ ಒಬ್ಬರು ಕೇಳಿದ್ದರು. 2024ರ ಕೊನೆಯಲ್ಲಿ ಒಪ್ಪಿಗೆಯಾದ ಅದು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನಾ ಪತ್ರಿಕೆಗಳನ್ನು ಕೊಡುವ ಯೋಜನೆ. ನಮ್ಮ ಶಾಲಾ ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ.

ವಿಕಿಪೀಡಿಯ ನಂಬಬಹುದೇ ಎಂಬುದು ಎಲ್ಲ ಅಧ್ಯಾಪಕರ ಪ್ರಶ್ನೆ. 2005ರಲ್ಲಿ 'ನೇಚರ್' ಪತ್ರಿಕೆ ವಿಜ್ಞಾನದ 42 ವಿಷಯಗಳಲ್ಲಿ ವಿಕಿಪೀಡಿಯ ಮತ್ತು ಬ್ರಿಟಾನಿಕಾಗಳನ್ನು ತಜ್ಞರಿಂದ ಹೋಲಿಸಿ ನೋಡಿಸಿತು. ಲೇಖನಕ್ಕೆ ಸರಾಸರಿ ತಪ್ಪು ವಿಕಿಪೀಡಿಯದಲ್ಲಿ ನಾಲ್ಕು, ಬ್ರಿಟಾನಿಕಾದಲ್ಲಿ ಮೂರು. ಬ್ರಿಟಾನಿಕಾದವರು ಆ ಲೆಕ್ಕವನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಎರಡರಲ್ಲೂ ತಪ್ಪಿತ್ತು ಎಂಬುದನ್ನು ಮಕ್ಕಳಿಗೆ ಹೇಳಿ. ನಮಗೆ ಅದಕ್ಕಿಂತ ದೊಡ್ಡ ತೊಡಕು, ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷದ ಆಸುಪಾಸು ಲೇಖನಗಳಿದ್ದರೆ, 2003ರಲ್ಲಿ ಶುರುವಾದ ಕನ್ನಡದ್ದರಲ್ಲಿ 30 ಸಾವಿರದ ಮೇಲೆ ಅಷ್ಟೆ. ಕನ್ನಡ ಮಾತ್ರ ಓದಬಲ್ಲ ಮಗುವಿಗೆ "ಎಲ್ಲ ನೆಟ್‌ನಲ್ಲಿದೆ" ಎಂಬ ಮಾತು ಅರ್ಧ ಸತ್ಯವೂ ಅಲ್ಲ. ಈಚೆಗೆ ಮಕ್ಕಳು ಎಐಗೆ ಕೇಳುತ್ತಾರೆ. ಅದು ಕನ್ನಡದಲ್ಲೂ ಸರಾಗವಾಗಿ ಉತ್ತರಿಸುತ್ತದೆ, ತಪ್ಪು ಉತ್ತರವನ್ನೂ ಅಷ್ಟೇ ಸರಾಗವಾಗಿ. ಎಲ್ಲಿಂದ ತಂದೆ ಎಂದು ಕೇಳಿ, ಅದು ತೋರಿಸಿದ ಜಾಗಕ್ಕೆ ಹೋಗಿ ನೋಡುವ ಅಭ್ಯಾಸ ಬರುವವರೆಗೆ ಆ ಉತ್ತರವನ್ನು ನೋಟ್ಸಿಗೆ ಇಳಿಸಬಾರದು.

ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಮಳೆ ಬಂದರೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ನೆಟ್ ಎರಡು ದಿನ ಬರುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶ ವಿಕಿಪೀಡಿಯವನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ಇಳಿಸಿಕೊಡುತ್ತದೆ, ಆಮೇಲೆ ನೆಟ್ ಬೇಡ. ಇಂಗ್ಲಿಷಿನದ್ದು ಚಿತ್ರ ಸಮೇತ ಸುಮಾರು 100 ಜಿಬಿ, ಕನ್ನಡದ್ದು ಅದರ ಸಣ್ಣ ಪಾಲು. ವರ್ಷಕ್ಕೊಮ್ಮೆ ಯಾರಾದರೂ ಹುಡುಗ ಒಳ್ಳೆಯ ನೆಟ್ ಇರುವಲ್ಲಿ ಹೊಸದನ್ನು ಇಳಿಸಿ ತಂದರೆ ಸಾಕು. ಜೊತೆಗೆ ಯೂಟ್ಯೂಬ್, ರೀಲ್ಸ್ ಇಲ್ಲದ ಕಂಪ್ಯೂಟರ್ ಅದು. ತಾಯಂದಿರಿಗೆ ಈ ಮಾತು ಹಿಡಿಸುತ್ತದೆ ಎಂದು ಗೊತ್ತು.

ಈಗ ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳು ಎಡವುವುದು ಹತ್ತನೇ ತರಗತಿ ದಾಟಿದ ಮೇಲೆ. ಅಲ್ಲಿಯವರೆಗೆ ಕನ್ನಡ ಮಾಧ್ಯಮ, ಕೆಲವರದು ಉರ್ದು. ಪಿಯುಸಿ ವಿಜ್ಞಾನಕ್ಕೆ ಹೋದ ದಿನದಿಂದ ಎಲ್ಲ ಇಂಗ್ಲಿಷ್. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ವಕ್ರೀಭವನ ಗೊತ್ತಿರುವ ಹುಡುಗಿ ರಿಫ್ರಾಕ್ಷನ್ ಎಂದಾಗ ತಲೆ ತಗ್ಗಿಸುತ್ತಾಳೆ. ಸಾಮಾನ್ಯ ನಿಘಂಟು ಇಲ್ಲಿ ಸಹಾಯಕ್ಕೆ ಬರುವುದು ಕಡಿಮೆ, ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. 'ಪವರ್' ಎಂಬುದಕ್ಕೆ ನಿಘಂಟು ಶಕ್ತಿ ಎನ್ನುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಶಕ್ತಿ ಎಂದರೆ ಎನರ್ಜಿ, ಪವರ್ ಎಂದರೆ ಸಾಮರ್ಥ್ಯ. ಮಾತಿನಲ್ಲಿ ಸ್ಪೀಡ್ ಎಂದರೆ ವೇಗ. ಪಾಠದಲ್ಲಿ ಸ್ಪೀಡ್ ಜವ, ವೆಲಾಸಿಟಿ ವೇಗ. 'ಬೇಸ್' ನೋಡಿದರೆ ತಳ, ಬುನಾದಿ ಎಂದಿರುತ್ತದೆ, ರಸಾಯನ ಶಾಸ್ತ್ರದಲ್ಲಿ ಅದು ಪ್ರತ್ಯಾಮ್ಲ.

ಇದಕ್ಕೆ ಬೇಕಾದ ರೆಫರೆನ್ಸ್ ಪುಸ್ತಕ ಯಾವ ಅಂಗಡಿಯಲ್ಲೂ ಕೊಳ್ಳಬೇಕಾಗಿಲ್ಲ. ರಾಜ್ಯದ ವಿಜ್ಞಾನ, ಗಣಿತ ಪಠ್ಯಪುಸ್ತಕಗಳು ಕನ್ನಡ, ಇಂಗ್ಲಿಷ್, ಉರ್ದು ಮಾಧ್ಯಮಗಳಲ್ಲಿ ಒಂದೇ ಪಾಠಗಳ ಅನುವಾದ. ಅಧ್ಯಾಯದ ಕ್ರಮ ಒಂದೇ, ಚಿತ್ರಗಳು ಅವೇ, ಲೆಕ್ಕಗಳು ಅವೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪಿಡಿಎಫ್ ಇಳಿಸಿಕೊಳ್ಳಬಹುದು, ಮುದ್ರಿತ ಪುಸ್ತಕಕ್ಕೂ ಬೆಲೆ ಹೆಚ್ಚಲ್ಲ. 8, 9, 10ನೇ ತರಗತಿಯ ವಿಜ್ಞಾನ ಮತ್ತು ಗಣಿತದ ಪುಸ್ತಕಗಳನ್ನು ಎರಡೂ ಮಾಧ್ಯಮಗಳಲ್ಲಿ ನಾಲ್ಕು ನಾಲ್ಕು ಪ್ರತಿ ತರಿಸಿ. ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಬಿಡಿಸಿಟ್ಟರೆ ಇದಕ್ಕಿಂತ ಒಳ್ಳೆಯ ದ್ವಿಭಾಷಾ ವಿಜ್ಞಾನ ಕೋಶ ನಾನು ನೋಡಿಲ್ಲ. ಎಸೆಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿ ಶುರುವಾಗುವ ಮುಂಚಿನ ರಜೆಯಲ್ಲಿ ಮಗು ದಿನಕ್ಕೆ ಎರಡು ಗಂಟೆ ಹೀಗೆ ಕುಳಿತು, ತನ್ನದೇ ಒಂದು ನೋಟುಬುಕ್ಕಿನಲ್ಲಿ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಶಬ್ದ ಬರೆದುಕೊಳ್ಳಲಿ. ಈ ವರ್ಷ ಎಸೆಸೆಲ್ಸಿ ಬರೆಯುವ ವಿದ್ಯಾರ್ಥಿ ವೇತನದ ಮಕ್ಕಳಿಗೆ ಇದನ್ನು ಟ್ರಸ್ಟ್ ಒಂದು ನಿಯಮವಾಗಿಯೇ ಮಾಡಬಹುದು.

ಕೊನೆಗೆ ಹಣದ ಮಾತು, ದಾನಿಗಳಲ್ಲಿ. ವಕ್ಫ್ ಎಂದರೆ ಮೂಲವಸ್ತು ಉಳಿದು ಅದರ ಪ್ರಯೋಜನ ಹರಿಯುತ್ತಿರಬೇಕು ಎಂಬುದು ನಿಮಗೆ ನಾನು ಹೇಳಿಕೊಡಬೇಕಾದದ್ದಲ್ಲ. ಮಸೀದಿಗೆ, ಮದರಸಕ್ಕೆ ಪುಸ್ತಕ ವಕ್ಫ್ ಮಾಡುವ ಸಂಪ್ರದಾಯ ಬಹಳ ಹಳೆಯದು. ಹಾಗಾಗಿ ಕೈಗೆ ಸಿಗುವ, ಹೆಸರು ಬರೆದಿಡುವ ವಸ್ತುವನ್ನೇ ಕೊಡಬೇಕು ಎಂದು ಮನಸ್ಸು ಬಯಸುವುದು ಸಹಜ. ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಸಂಪುಟಗಳ ಮೂಲವಸ್ತು ಉಳಿದಿರುತ್ತದೆ, ಪ್ರಯೋಜನ ಎಲ್ಲಿಗೂ ಹರಿದಿರುವುದಿಲ್ಲ. ಅಂಥ ಕಪಾಟುಗಳನ್ನು ನನ್ನ ವೃತ್ತಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೀಗದ ಕೈ ಯಾರಲ್ಲಿದೆ ಎಂದೇ ಯಾರಿಗೂ ಗೊತ್ತಿರುವುದಿಲ್ಲ.

ನನ್ನನ್ನು ಕೇಳಿದರೆ, ನೂರು ರೂಪಾಯಿ ಇದ್ದರೆ ಮೂವತ್ತನ್ನು ಮುದ್ರಿತ ಪುಸ್ತಕಗಳಿಗೆ ಕೊಡಿ: ನಿಘಂಟು, ಅಟ್ಲಾಸ್, ವ್ಯಾಕರಣ, ಪಠ್ಯಪುಸ್ತಕ, ವರ್ಷಕ್ಕೊಂದು ಇಯರ್ ಬುಕ್. ಇಪ್ಪತ್ತನ್ನು ಎರಡು ಸಾಧಾರಣ ಕಂಪ್ಯೂಟರಿಗೆ ಮತ್ತು ಪ್ರಿಂಟರಿಗೆ. ಟ್ಯಾಬ್ ಬೇಡ, ಬಿದ್ದರೆ ಮುಗಿಯಿತು. ಉಳಿದ ಐವತ್ತನ್ನು ಮುಂದಿನ ಮೂರು ವರ್ಷದ ನೆಟ್ ಬಿಲ್ಲಿಗೆ, ಕರೆಂಟಿಗೆ, ಮತ್ತು ಮಗ್ರಿಬ್‌ನಿಂದ ಎರಡು ಗಂಟೆ ಆ ಕೋಣೆಯಲ್ಲಿ ಕೂರುವ ಒಬ್ಬ ವ್ಯಕ್ತಿಯ ಸಂಬಳಕ್ಕೆ ಇಡಿ. ಬಿಎಡ್ ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳು ನಮ್ಮ ಜಮಾಅತಿನಲ್ಲಿ ಎಷ್ಟಿಲ್ಲ? ಹುಡುಗಿಯರ ಸಮಯಕ್ಕೆ, ಅಂದರೆ ಶಾಲೆ ಬಿಟ್ಟು ಅಸರ್‌ನಿಂದ ಮಗ್ರಿಬ್‌ವರೆಗೆ, ಅವರಲ್ಲೇ ಒಬ್ಬರನ್ನು ನೇಮಿಸಿ. ಮೂರು ವರ್ಷದ ನೆಟ್ ಬಿಲ್ಲಿನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಲು ಆಗುವುದಿಲ್ಲ ಎಂದು ಒಬ್ಬ ದಾನಿಯವರು ತಮಾಷೆ ಮಾಡಿದರು. ಅದು ಸರಿಯೇ. ಅಧ್ಯಕ್ಷರು ವಾರ್ಷಿಕ ವರದಿಯಲ್ಲಿ ಬಿಲ್ಲು ಕಟ್ಟಿದವರ ಹೆಸರನ್ನು ಕಪಾಟು ಕೊಟ್ಟವರ ಹೆಸರಿಗಿಂತ ಮೇಲೆ ಅಚ್ಚು ಹಾಕಿಸಲಿ.

ಖರೀದಿಗೆ ಮುಂಚೆ ಇನ್ನೊಂದು ಕೆಲಸ ಬಾಕಿ ಇದೆ. ನಮ್ಮ ಪಂಚಾಯತಿನ ಅರಿವು ಕೇಂದ್ರಕ್ಕೆ ಸಮಿತಿಯ ಇಬ್ಬರು ಹೋಗಿ ಅಲ್ಲಿ ಏನೇನು ಇದೆ ನೋಡಿ ಬರಲಿ. ಅಲ್ಲಿ ಇರುವುದನ್ನೇ ಇಲ್ಲಿ ಮತ್ತೆ ಕೊಳ್ಳುವುದು ಬೇಡ. ಪುಸ್ತಕಗಳ ಪಟ್ಟಿಯನ್ನು ಬರೆದು ಕಾರ್ಯದರ್ಶಿಯವರಿಗೆ ಕೊಟ್ಟಿದ್ದೇನೆ, ಪ್ರತಿಗಳ ಸಂಖ್ಯೆ ಸಮೇತ. ವಿದ್ಯಾರ್ಥಿ ವೇತನದ ಅರ್ಜಿ ತುಂಬಲು ಬರುವ ಪೋಷಕರು ಆ ದಿನ ಮಗುವನ್ನೂ ಕರೆದುಕೊಂಡು ಮೇಲಿನ ಕೋಣೆಗೆ ಒಮ್ಮೆ ಹತ್ತಿ ಬನ್ನಿ. ಕಂಪ್ಯೂಟರಿನಲ್ಲಿ ಪೋರ್ಟಲ್ ತೆರೆದು ಈ ವರ್ಷ ಯಾವ ಯೋಜನೆ ಇದೆ, ಯಾವುದು ಇಲ್ಲ ಎಂದು ಅಲ್ಲೇ ನೋಡಬಹುದು.